ಬೆಂಗಳೂರಿನ ನೆಲವೂ ದಾರಿಯೂ

ನಗರವೊಂದರ ಚರಿತ್ರೆಯನ್ನು ಬರೆಯುವವರು ಸಾಮಾನ್ಯವಾಗಿ ಅದರ ಅರಸರನ್ನೂ ಕೋಟೆಕೊತ್ತಲಗಳನ್ನೂ ಗುಡಿಗೋಪುರಗಳನ್ನೂ ವರ್ಣಿಸುತ್ತಾರೆ. ಆದರೆ ಅಲ್ಲಿ ಬಾಳುವ ಜನರ ಸುಖದುಃಖಗಳು ಎರಡು ಪ್ರಶ್ನೆಗಳನ್ನು ಅವಲಂಬಿಸಿವೆ. ಯಾವ ನೆಲದಲ್ಲಿ ಏನಿರಬೇಕು? ಅಲ್ಲಿಗೆ ಹೋಗಿ ಬರುವ ದಾರಿ ಯಾವುದು? ಇವು ಒಂದೇ ಪ್ರಶ್ನೆಯ ಎರಡು ಮುಖಗಳೆಂಬುದನ್ನು ಮರೆತರೆ ಒದಗುವ ಕಷ್ಟಕ್ಕೆ ಬೆಂಗಳೂರಿನ ಇತಿಹಾಸವೇ ಸಾಕ್ಷಿ. 1956ರ ರಾಜ್ಯ ಪುನರ್ವಿಂಗಡಣೆಯಲ್ಲಿ ನಮ್ಮ ಹೊಸೂರು ಸೀಮೆಯು ಗಡಿಯ ಈಚೆಗೆ ಉಳಿಯಿತಾದರೂ, ವಿದ್ಯೆಗೂ ಉದ್ಯೋಗಕ್ಕೂ ಚಿಕಿತ್ಸೆಗೂ ನಮ್ಮವರು ಆ ನಗರವನ್ನೇ ಆಶ್ರಯಿಸಿರುವುದರಿಂದ ಈ ವಿಚಾರವು ನಮಗೆ ಹೊರಗಿನದಲ್ಲ.

1537ರಲ್ಲಿ ಕೆಂಪೇಗೌಡರು ನಾಲ್ಕು ದಿಕ್ಕಿಗೂ ನೇಗಿಲು ಹೂಡಿಸಿ ಬೀದಿಗಳನ್ನು ಗುರುತಿಸಿದರೆಂದು ಪ್ರತೀತಿ. ದೊಡ್ಡಪೇಟೆ ಚಿಕ್ಕಪೇಟೆಗಳು ಕೂಡುವ ಎಡೆಯ ಸುತ್ತ ಅರಳೇಪೇಟೆ, ಅಕ್ಕಿಪೇಟೆ, ಬಳೇಪೇಟೆ, ಗಾಣಿಗರಪೇಟೆಗಳು ಬೆಳೆದುವು. ಹೆಸರೇ ಹೇಳುವಂತೆ ಒಂದೊಂದು ಪೇಟೆಗೂ ಒಂದೊಂದು ಕಸುಬು. ದುಡಿಯುವ ಜಾಗ, ವಾಸದ ಮನೆ, ಮಾರುವ ಅಂಗಡಿ ಮೂರೂ ಕಾಲ್ನಡಿಗೆಯ ಅಳತೆಯಲ್ಲಿಯೇ ಇದ್ದುವು. ನೀರಿಗೆ ಧರ್ಮಾಂಬುಧಿ, ಕೆಂಪಾಂಬುಧಿ, ಸಂಪಂಗಿ ಮೊದಲಾದ ಕೆರೆಗಳಿದ್ದುವು.

1809ರಲ್ಲಿ ಆಂಗ್ಲರ ದಂಡು ನೆಲೆಯೂರಿತು. 1864ರಲ್ಲಿ ಜೋಲಾರಪೇಟೆಯಿಂದ ರೈಲು ಬಂದಿತು. 1896ರಲ್ಲಿ ಹೆಸರಘಟ್ಟದ ನೀರು ಕೊಳಾಯಿಯಲ್ಲಿ ಹರಿಯತೊಡಗಿದಾಗ ಊರ ಕೆರೆಗಳ ಮೇಲಿನ ಅಕ್ಕರೆ ಇಳಿಯಿತು. ಕಾಲಕ್ರಮದಲ್ಲಿ ಧರ್ಮಾಂಬುಧಿಯ ಅಂಗಳವು ಬಸ್ ನಿಲ್ದಾಣವಾಯಿತು, ಸಂಪಂಗಿಯ ಅಂಗಳವು ಕ್ರೀಡಾಂಗಣವಾಯಿತು. ಅತ್ತ 1898ರ ಪ್ಲೇಗು ಪೇಟೆಯ ಇಕ್ಕಟ್ಟನ್ನು ಬಯಲಿಗೆಳೆದುದರಿಂದ ಬಸವನಗುಡಿ, ಮಲ್ಲೇಶ್ವರಗಳ ಬಡಾವಣೆಗಳು ತಲೆಯೆತ್ತಿದುವು. ಗಾಳಿ ಬೆಳಕುಗಳು ದೊರೆತುವು, ನಿಜ. ಆದರೆ ಮನೆಯು ಕಸುಬಿನಿಂದ ಅಗಲಿದ್ದೂ ಆಗಲೇ.

ಆ ಅಗಲಿಕೆಯನ್ನು ತುಂಬಲು ವಾಹನ ಬೇಕಾಯಿತು. 1940ರಲ್ಲಿ ಬೆಂಗಳೂರು ಟ್ರಾನ್ಸ್‌ಪೋರ್ಟ್ ಕಂಪನಿಯು ಹುಟ್ಟಿತು. 1956ರಲ್ಲಿ ಸರ್ಕಾರವು ಅದನ್ನು ವಹಿಸಿಕೊಂಡಿತು. ಅದೇ ಕಾಲದಲ್ಲಿ ವಿಮಾನ, ದೂರವಾಣಿ, ಕೈಗಡಿಯಾರಗಳ ದೊಡ್ಡ ಕಾರ್ಖಾನೆಗಳು ಊರ ಹೊರಗೆ ನೆಲೆಸಿದುವು. ಅವುಗಳಲ್ಲಿ ಹಲವು ಕೆಲಸಗಾರರಿಗೆ ವಸತಿಯನ್ನು ಕಟ್ಟಿಸಿ, ಬಸ್ಸುಗಳನ್ನೂ ಓಡಿಸಿದುವು. ನೆಲವನ್ನು ಪಡೆದವರೇ ದಾರಿಯನ್ನೂ ಚಿಂತಿಸಿದ ಕಾಲವದು.

ಮುಂದೆ ಈ ಕ್ರಮ ತಪ್ಪಿತು. 1978ರಲ್ಲಿ ನಗರಕ್ಕೆ ಸುಮಾರು ಹದಿನೆಂಟು ಕಿಲೋಮೀಟರು ದೂರದಲ್ಲಿ, ನಮ್ಮ ಹೊಸೂರು ರಸ್ತೆಯ ಮಗ್ಗುಲಲ್ಲಿಯೇ, ಎಲೆಕ್ಟ್ರಾನಿಕ್ ಸಿಟಿಗೆ ನೆಲ ಮೀಸಲಾಯಿತು. ಸಹಸ್ರಾರು ಜನ ಅಲ್ಲಿ ಕೆಲಸಕ್ಕೆ ನಿಂತರು. ಸುಂಕ ತೆತ್ತು ಸಾಗುವ ಮೇಲುರಸ್ತೆಯು ತೆರೆದುದು 2010ರಲ್ಲಿ; ಮೆಟ್ರೋ ರೈಲು ಬಂದುದು 2025ರ ಆಗಸ್ಟಿನಲ್ಲಿ. ನೆಲ ಕೊಟ್ಟುದಕ್ಕೂ ರೈಲು ಬಂದುದಕ್ಕೂ ನಡುವೆ ನಲವತ್ತೇಳು ವರ್ಷಗಳು! ಅಷ್ಟರೊಳಗೆ ಒಂದು ತಲೆಮಾರು ತನ್ನ ಆಯುಷ್ಯದ ಎಷ್ಟೋ ಭಾಗವನ್ನು ರಸ್ತೆಯಲ್ಲಿಯೇ ಕಳೆಯಿತು. 1951ರಲ್ಲಿ ಎಂಟು ಲಕ್ಷವನ್ನು ಮುಟ್ಟದ ಜನಸಂಖ್ಯೆಯು 2011ರ ವೇಳೆಗೆ ಎಂಬತ್ತನಾಲ್ಕು ಲಕ್ಷವನ್ನು ದಾಟಿತ್ತು.

ಇದರಿಂದ ವಾಗ್ವಾದಗಳು ಹುಟ್ಟಿದುದು ಸಹಜ. 2016ರಲ್ಲಿ ಬಸವೇಶ್ವರ ವೃತ್ತದಿಂದ ಹೆಬ್ಬಾಳದವರೆಗೆ ಉಕ್ಕಿನ ಮೇಲುಸೇತುವೆಯನ್ನು ಕಟ್ಟಲು ಸರ್ಕಾರವು ಹೊರಟಿತು. ನೂರಾರು ಮರಗಳು ಉರುಳುವುವೆಂದು ನಾಗರಿಕರು ಬೀದಿಯಲ್ಲಿ ಕೈ ಕೈ ಹಿಡಿದು ನಿಂತರು. 2017ರಲ್ಲಿ ಆ ಯೋಜನೆಯನ್ನು ಕೈಬಿಡಲಾಯಿತು. 2019ರಲ್ಲಿ ಹೊರವರ್ತುಲ ರಸ್ತೆಯಲ್ಲಿ ಬಸ್ಸುಗಳಿಗೆಂದೇ ಒಂದು ಪಥವನ್ನು ಬಿಡಿಸಿ ನೋಡಿದರು. ಒಂದು ಬಸ್ಸು ಹತ್ತಾರು ಕಾರುಗಳ ಜನರನ್ನು ಹೊರುವುದಾದರೆ, ರಸ್ತೆಯ ನೆಲದಲ್ಲಿ ಯಾರಿಗೆಷ್ಟು ಪಾಲು? ಸುರಂಗ ರಸ್ತೆಯನ್ನು ಕುರಿತ ವಾದದಲ್ಲಿಯೂ ಇದೇ ಪ್ರಶ್ನೆ ಅಡಗಿದೆ. ಅಗಲವಾದ ರಸ್ತೆಯು ಕೆಲಕಾಲ ಸುಗಮವಾಗಿದ್ದು, ಆ ಸುಗಮತೆಯೇ ಹೊಸ ವಾಹನಗಳನ್ನು ಕರೆತರುತ್ತದೆ.

ಇವೆಲ್ಲಕ್ಕಿಂತ ಮನ ಕರಗಿಸುವುದು ಹೊರವಲಯದ ರೈತನ ಪಾಡು. ನಗರವನ್ನು ಬಳಸಿ ಹೋಗುವ ಪೆರಿಫೆರಲ್ ವರ್ತುಲ ರಸ್ತೆಗಾಗಿ 2000ದ ದಶಕದಲ್ಲಿ ಹೊಲಗಳ ಮೇಲೆ ಅಧಿಸೂಚನೆ ಬಿದ್ದಿತು. ವರ್ಷಗಳು ಉರುಳಿದರೂ ರಸ್ತೆಯಾಗಲಿಲ್ಲ, ಹೊಲವೂ ಬಿಡುಗಡೆಯಾಗಲಿಲ್ಲ. ಮಾರಲಾಗದ, ನೆಮ್ಮದಿಯಿಂದ ಉಳಲೂ ಆಗದ ಭೂಮಿಯನ್ನು ನೋಡುತ್ತ ಕುಳಿತವನಿಗೆ ನಗರದ ಅಭಿವೃದ್ಧಿಯು ಯಾವ ಅರ್ಥದ ಮಾತು?

ನೆಲದ ನಕ್ಷೆ ಒಂದು ಕಚೇರಿಯದು, ಬಸ್ಸು ಇನ್ನೊಂದರದು, ರೈಲು ಮತ್ತೊಂದರದು. ಈ ಒಡಕನ್ನು ಕೂಡಿಸಲೆಂದು 2022ರಲ್ಲಿ ಕರ್ನಾಟಕದ ಶಾಸನಸಭೆಯು ಮಹಾನಗರದ ಭೂಸಾರಿಗೆಗೆ ಒಂದು ಪ್ರಾಧಿಕಾರವನ್ನು ರಚಿಸುವ ಮಸೂದೆಯನ್ನು ಅಂಗೀಕರಿಸಿತು. ತಡವಾಗಿಯಾದರೂ ಸತ್ಯವು ಹೊಳೆಯಿತೆನ್ನಬೇಕು.

ಈ ಪಾಠ ನಮಗೂ ಬೇಕಾದುದೇ. 2019ರಲ್ಲಿ ಹೊಸೂರು ಮಹಾನಗರಪಾಲಿಕೆಯಾಯಿತು. ಸುತ್ತಣ ಹೊಲಗಳು ನಿವೇಶನಗಳಾಗುತ್ತಿವೆ. ರಾಮನಾಯಕನ ಕೆರೆಯು ಧರ್ಮಾಂಬುಧಿಯ ಹಾದಿ ಹಿಡಿಯದಂತೆ ಕಾಯುವುದು, ನೆಲಕ್ಕೆ ಗೂಟ ಹೊಡೆಯುವ ಮೊದಲೇ ದಾರಿ ಎಲ್ಲಿದೆಯೆಂದು ಕೇಳುವುದು ಇಲ್ಲಿ ಬಾಳುವ ನಮ್ಮೆಲ್ಲರ ಹೊಣೆ. ದೊಡ್ಡ ಊರಿನ ಅನುಭವವು ಬೆಳೆಯುವ ಊರಿಗೆ ದೀಪವಾಗಲಿ.