ಮ್ಯಾಂಚೆಸ್ಟರಿನ ಆ ಒಂದು ಕೂಗು

ಇಂಗ್ಲೆಂಡಿನ ಮ್ಯಾಂಚೆಸ್ಟರ್ ನಗರದ ಫ್ರೀ ಟ್ರೇಡ್ ಹಾಲ್ ಕೇವಲ ಸಂಗೀತಕ್ಕಾಗಿ ಹೆಸರಾದ ಸಭಾಂಗಣವಲ್ಲ. 1819ರಲ್ಲಿ ಮತದಾನದ ಹಕ್ಕು ಕೇಳಲು ನೆರೆದಿದ್ದ ಜನರ ಮೇಲೆ ಕುದುರೆ ಸವಾರರು ಕತ್ತಿ ಬೀಸಿದ ಪೀಟರ್‌ಲೂ ಹತ್ಯಾಕಾಂಡದ ಮೈದಾನದಲ್ಲೇ ಅದು ತಲೆಯೆತ್ತಿದ್ದು. 1966ರ ಮೇ 17ರ ರಾತ್ರಿ ಅಲ್ಲಿ ಅಮೆರಿಕದ ಗಾಯಕ ಬಾಬ್ ಡಿಲನ್ ಅವರ ಕಾರ್ಯಕ್ರಮವಿತ್ತು. ಮೊದಲರ್ಧದಲ್ಲಿ ಅವರೊಬ್ಬರೇ ವೇದಿಕೆಗೆ ಬಂದರು. ಕೈಯಲ್ಲಿ ಸಾದಾ ಮರದ ಗಿಟಾರು, ಕುತ್ತಿಗೆಗೆ ಸಿಕ್ಕಿಸಿಕೊಂಡ ಮೌತ್ ಆರ್ಗನ್, ಅಷ್ಟೆ. ಸಭೆ ಉಸಿರು ಬಿಗಿಹಿಡಿದು ಕೇಳಿತು. ವಿರಾಮದ ನಂತರ ಅದೇ ಡಿಲನ್ ವಿದ್ಯುತ್ ಗಿಟಾರ್ ಹೆಗಲಿಗೇರಿಸಿ, ಐವರು ವಾದ್ಯಗಾರರೊಂದಿಗೆ ಬಂದು ರಾಕ್ ಸಂಗೀತವನ್ನು ಮೊಳಗಿಸಿದರು.

ಹಾಡುಹಾಡಿನ ನಡುವೆ ಜನ ಒಟ್ಟಾಗಿ, ನಿಧಾನವಾಗಿ, ಬೇಕೆಂದೇ ಲಯಬದ್ಧವಾಗಿ ಚಪ್ಪಾಳೆ ತಟ್ಟತೊಡಗಿದರು. ಇಂಗ್ಲೆಂಡಿನಲ್ಲಿ ಅದು ಮೆಚ್ಚುಗೆಯಲ್ಲ, ‘ಸಾಕು, ಇಳಿ’ ಎಂಬುದರ ಸಭ್ಯ ರೂಪ. ಡಿಲನ್ ಮೈಕಿನ ಮುಂದೆ ಅರ್ಥವಿಲ್ಲದ ಏನನ್ನೋ ಗೊಣಗತೊಡಗಿದರು. ಏನು ಹೇಳುತ್ತಿದ್ದಾರೆಂದು ಕೇಳಿಸಿಕೊಳ್ಳಲು ಸಭೆ ಸುಮ್ಮನಾದ ಕೂಡಲೇ, ಅಷ್ಟು ಜೋರಾಗಿ ಚಪ್ಪಾಳೆ ತಟ್ಟದಿದ್ದರೆ ಒಳ್ಳೆಯದಿತ್ತು ಎಂದರು. ಕೊನೆಯ ಹಾಡಿಗೆ ಮುನ್ನ ಕತ್ತಲಿನಿಂದ ಒಂದು ಧ್ವನಿ ಎದ್ದಿತು: ‘ಜೂಡಸ್!’ ಕೆಲವರು ಚಪ್ಪಾಳೆ ತಟ್ಟಿದರು. ‘ನಿನ್ನ ಮಾತನ್ನು ನಾನು ನಂಬುವುದಿಲ್ಲ’ ಎಂದ ಡಿಲನ್, ತುಸು ತಡೆದು ‘ನೀನು ಸುಳ್ಳುಗಾರ’ ಎಂದರು. ಬಳಿಕ ವಾದ್ಯಗಾರರತ್ತ ತಿರುಗಿ, ಇನ್ನೂ ಜೋರಾಗಿ ನುಡಿಸಿ ಎಂದು ಹೇಳಿದರು.

ಜೂಡಸ್ ಎಂದರೆ ಮೂವತ್ತು ಬೆಳ್ಳಿ ನಾಣ್ಯಗಳಿಗೆ ಯೇಸುವನ್ನು ಹಿಡಿದುಕೊಟ್ಟ ಶಿಷ್ಯ. ಕ್ರೈಸ್ತ ಜಗತ್ತಿನಲ್ಲಿ ಅದಕ್ಕಿಂತ ಕೆಟ್ಟ ಬೈಗುಳ ಸಿಗಲಾರದು. ಯಹೂದಿ ಕುಟುಂಬದಲ್ಲಿ ಹುಟ್ಟಿದ ಡಿಲನ್‌ರಿಗೆ ಅದರ ಮೊನೆ ಇನ್ನೂ ಹರಿತವಾಗಿಯೇ ತಾಗಿರಬೇಕು. ಆಗ ಅವರಿಗೆ ಇಪ್ಪತ್ತೈದು ತುಂಬಲು ಒಂದು ವಾರ ಬಾಕಿ. ಗಿಟಾರಿಗೆ ಒಂದು ತಂತಿ ಸಿಕ್ಕಿಸಿದ್ದಕ್ಕೆ ಇಷ್ಟು ದೊಡ್ಡ ಶಾಪವೇ ಎಂದು ಇಂದಿನವರಿಗೆ ನಗು ಬಂದೀತು. ಡಿಲನ್ ಗೆದ್ದರು, ಕೂಗಿದವರು ಸೋತರು; ಗೆದ್ದವರ ಕಡೆಯಿಂದ ಬರೆದ ಚರಿತ್ರೆಯಲ್ಲಿ ಕೂಗಿದವರು ಹಳೆಯದಕ್ಕೆ ಜೋತುಬಿದ್ದ ಮೂಢರಾಗಿಯೇ ಉಳಿದಿದ್ದಾರೆ. ಆದರೆ ಅವರು ಕಳೆದುಕೊಂಡದ್ದು ಏನು ಎಂಬುದನ್ನು ಅವರ ಕಡೆಯಿಂದ ನೋಡಿದರೆ ಕಥೆ ಅಷ್ಟು ಸರಳವಾಗಿಲ್ಲ.

ಅಮೆರಿಕದಲ್ಲಿ ‘ಫೋಕ್’ ಎಂದು ಕರೆಸಿಕೊಂಡ ಈ ಸಂಗೀತವನ್ನು ನಮ್ಮ ‘ಜನಪದ’ ಎಂಬ ಪದದಲ್ಲಿ ಪೂರ್ತಿ ಹಿಡಿಯಲಾಗದು. ಹಳ್ಳಿಯ ಹಾಡು, ಗಣಿ ಕಾರ್ಮಿಕರ ಹಾಡು, ಕಪ್ಪು ಜನರ ಪ್ರಾರ್ಥನೆಯ ಹಾಡು ಇವುಗಳ ಮೇಲೆ ನಗರದ ವಿದ್ಯಾವಂತರು ಕಟ್ಟಿದ ಒಂದು ಚಳವಳಿಯದು. ನಮ್ಮಲ್ಲಿ ಸಮುದಾಯದ ಜಾಥಾಗಳಲ್ಲೋ ದಲಿತ ಸಂಘಟನೆಗಳ ಸಭೆಗಳಲ್ಲೋ ಹೋರಾಟದ ಹಾಡಿಗೆ ದನಿಗೂಡಿಸಿದವರಿಗೆ ಅದರ ಕಾವು ಬೇಗ ತಿಳಿದೀತು. ಹಾಡು ಯಾರ ಸ್ವತ್ತೂ ಅಲ್ಲ, ಹಾಡುವವನು ಹಾಡಿಗಿಂತ ದೊಡ್ಡವನಲ್ಲ, ಕೇಳುವವರೂ ಹಾಡಬೇಕು ಎಂಬುದು ಅಲ್ಲಿನ ನಿಯಮ. ಈ ಚಳವಳಿಯ ಹಿರಿಯ ಪೀಟ್ ಸೀಗರ್ ಎಡಪಂಥೀಯರೆಂಬ ಕಾರಣಕ್ಕೆ ವರ್ಷಗಟ್ಟಲೆ ಟೆಲಿವಿಷನ್ನಿನಿಂದ ಬಹಿಷ್ಕೃತರಾಗಿದ್ದವರು. 1955ರಲ್ಲಿ ಸಂಸತ್ತಿನ ವಿಚಾರಣಾ ಸಮಿತಿಯ ಪ್ರಶ್ನೆಗಳಿಗೆ ಉತ್ತರಿಸಲು ನಿರಾಕರಿಸಿ ಜೈಲು ಶಿಕ್ಷೆಯ ಅಂಚಿಗೆ ಹೋಗಿ ಬಂದವರು. ರೋಡ್ ಐಲೆಂಡ್ ರಾಜ್ಯದ ನ್ಯೂಪೋರ್ಟಿನಲ್ಲಿ ನಡೆಯುತ್ತಿದ್ದ ಫೋಕ್ ಉತ್ಸವದಲ್ಲಿ ಖ್ಯಾತನಾಮರಿರಲಿ, ಹೆಸರೇ ಕೇಳದ ಹಳ್ಳಿಯ ಪಿಟೀಲುಗಾರನಿರಲಿ, 1963ರಿಂದ ಎಲ್ಲರಿಗೂ ಒಂದೇ ಸಂಭಾವನೆ: 50 ಡಾಲರ್ ಮತ್ತು ಖರ್ಚುವೆಚ್ಚ.

ಈ ಮನೆಗೆ ಡಿಲನ್ ಮಗನಾಗಿ ಬಂದರು. 1961ರ ಜನವರಿಯಲ್ಲಿ ನ್ಯೂಯಾರ್ಕಿಗೆ ಬಂದಿಳಿದ ಹತ್ತೊಂಬತ್ತರ ಹುಡುಗ ಎರಡೇ ವರ್ಷಗಳಲ್ಲಿ ಚಳವಳಿಯ ನಾಲಗೆಯಾಗಿಬಿಟ್ಟ. 1963ರ ಜುಲೈನಲ್ಲಿ, ಕಪ್ಪು ಜನಾಂಗದ ನಾಯಕ ಮೆಡ್ಗರ್ ಎವರ್ಸ್ ಕೊಲೆಯಾಗಿ ತಿಂಗಳು ಕಳೆಯುವ ಮೊದಲೇ, ಮಿಸಿಸಿಪಿಯ ಗ್ರೀನ್‌ವುಡ್‌ನಲ್ಲಿ ಮತದಾರರ ನೋಂದಣಿಗಾಗಿ ಸೇರಿದ್ದ ಜನರ ಮುಂದೆ ಆ ಕೊಲೆಯ ಕುರಿತೇ ಕಟ್ಟಿದ ಹಾಡನ್ನು ಹಾಡಿದರು. ಆಗಸ್ಟ್ 28ರಂದು ವಾಷಿಂಗ್ಟನ್ನಿನಲ್ಲಿ ಮಾರ್ಟಿನ್ ಲೂಥರ್ ಕಿಂಗ್ ಮಾತಾಡಿದ ಅದೇ ಸಭೆಯಲ್ಲಿ ಹಾಡಿದರು. ಈ ಎರಡರ ನಡುವೆ ನ್ಯೂಪೋರ್ಟ್ ಉತ್ಸವದ ವೇದಿಕೆಯಲ್ಲಿ ಸೀಗರ್, ಜೋನ್ ಬಯಸ್ ಮತ್ತು ಕಪ್ಪು ಗಾಯಕರ ಜೊತೆ ಕೈ ಕೈ ಹಿಡಿದು ನಿಂತ ಚಿತ್ರ ಚಳವಳಿಯವರ ಮನಸ್ಸಿನಲ್ಲಿ ಅಚ್ಚೊತ್ತಿ ನಿಂತಿತು.

ಬಿರುಕು ಒಮ್ಮೆಗೇ ಬಿದ್ದದ್ದಲ್ಲ. 1964ರ ಹಾಡುಗಳಲ್ಲಿ ಡಿಲನ್ ತಮ್ಮೊಳಗನ್ನೇ ನೋಡಿಕೊಳ್ಳತೊಡಗಿದ್ದರು. ಅದೇ ನವೆಂಬರಿನಲ್ಲಿ ‘ಸಿಂಗ್ ಔಟ್!’ ಪತ್ರಿಕೆಯ ಸಂಪಾದಕ ಇರ್ವಿನ್ ಸಿಲ್ಬರ್ ಅವರಿಗೊಂದು ಬಹಿರಂಗ ಪತ್ರ ಬರೆದು, ಜನರಿಂದ ದೂರವಾಗುತ್ತಿದ್ದೀರಿ ಎಂದು ಎಚ್ಚರಿಸಿದರು. ಆಗಿನ್ನೂ ಡಿಲನ್ನರ ಹಿಂದೆ ಬ್ಯಾಂಡ್ ಇರಲಿಲ್ಲ ಎಂಬುದನ್ನು ಗಮನಿಸಬೇಕು. ಮುನಿಸು ಮೊದಲು ಹುಟ್ಟಿದ್ದು ಹಾಡಿನ ವಸ್ತುವಿನ ಬಗ್ಗೆ. ವಾದ್ಯ ಆಮೇಲೆ ಸಿಕ್ಕ ಸಾಕ್ಷಿ.

1965ರ ಜುಲೈ 25, ಭಾನುವಾರ, ನ್ಯೂಪೋರ್ಟ್. ಅಂದಿನ ಸಂಜೆಯ ಕಾರ್ಯಕ್ರಮವನ್ನು ಸೀಗರ್ ಆರಂಭಿಸಿದ್ದು ಆಗತಾನೆ ಹುಟ್ಟಿದ ಮಗುವಿನ ಅಳುವಿನ ಧ್ವನಿಮುದ್ರಣ ಕೇಳಿಸಿ. ಈ ಮಗು ಎಂಥ ಲೋಕದಲ್ಲಿ ಬೆಳೆಯಲಿದೆ ಎಂಬುದನ್ನು ಅದಕ್ಕೆ ಹಾಡಿ ತಿಳಿಸಿ ಎಂದು ಅವರು ಕಲಾವಿದರನ್ನು ಕೇಳಿಕೊಂಡರು. ಅದೇ ವೇದಿಕೆಗೆ ರಾತ್ರಿ ಡಿಲನ್ ಚರ್ಮದ ಕೋಟು ತೊಟ್ಟು, ತರಾತುರಿಯಲ್ಲಿ ಕೂಡಿಸಿದ ಬ್ಯಾಂಡಿನೊಂದಿಗೆ ಬಂದರು. ಮೂರು ಹಾಡು ಮುಗಿಸಿ ಇಳಿದುಬಿಟ್ಟರು. ಜನ ಕೂಗಿದರು. ಏಕೆ ಕೂಗಿದರೆಂಬ ಬಗ್ಗೆ ಅಲ್ಲಿದ್ದವರಲ್ಲೇ ಇಂದಿಗೂ ಒಮ್ಮತವಿಲ್ಲ. ಕೆಲವರು ವಿದ್ಯುತ್ ಗಿಟಾರಿಗೆ ಎನ್ನುತ್ತಾರೆ. ಕೆಲವರು ಧ್ವನಿವರ್ಧಕ ಕೆಟ್ಟು ಮಾತೇ ಕೇಳಿಸದ್ದಕ್ಕೆ ಎನ್ನುತ್ತಾರೆ. ಇನ್ನು ಕೆಲವರು ಮೂರೇ ಹಾಡಿಗೆ ಎದ್ದುಹೋದದ್ದಕ್ಕೆ ಎನ್ನುತ್ತಾರೆ. ಸೀಗರ್ ಕೊಡಲಿ ಹಿಡಿದು ತಂತಿ ಕಡಿಯಲು ಹೋದರೆಂಬ ಕಥೆಯೂ ಬೆಳೆಯಿತು. ಕೊಡಲಿ ಇದ್ದಿದ್ದರೆ ಕಡಿಯುತ್ತಿದ್ದೆ ಎಂದು ತಾನು ಹೇಳಿದ್ದುಂಟು, ಅದು ಗಿಟಾರಿನ ಮೇಲಿನ ಸಿಟ್ಟಲ್ಲ, ಪದಗಳು ಕೇಳಿಸುತ್ತಿಲ್ಲವೆಂಬ ಸಂಕಟ ಎಂದು ಸೀಗರ್ ಮುಂದೆ ವಿವರಿಸಿದರು. ಕೊನೆಗೆ ಡಿಲನ್ ಒಬ್ಬರೇ ಸಾದಾ ಗಿಟಾರಿನೊಂದಿಗೆ ಮರಳಿ ಬಂದು ಎರಡು ಹಾಡು ಹಾಡಿದಾಗ ಸಭೆ ಹರ್ಷದಿಂದ ಮೊಳಗಿತು.

ಆ ದಿನಾಂಕದ ಅಕ್ಕಪಕ್ಕ ಏನೇನಿತ್ತು ಎಂಬುದನ್ನು ಸಂಗೀತದ ಪುಸ್ತಕಗಳು ಹೆಚ್ಚಾಗಿ ಮರೆಯುತ್ತವೆ. ನ್ಯೂಪೋರ್ಟಿನ ಆ ರಾತ್ರಿ ಕಳೆದು ಮೂರನೆಯ ದಿನ, ಜುಲೈ 28ರಂದು, ಅಧ್ಯಕ್ಷ ಜಾನ್ಸನ್ ವಿಯೆಟ್ನಾಮಿನಲ್ಲಿರುವ ಸೈನಿಕರ ಸಂಖ್ಯೆಯನ್ನು 75,000ದಿಂದ 1,25,000ಕ್ಕೆ ಏರಿಸುವುದಾಗಿ ಘೋಷಿಸಿದರು. ಆಗಸ್ಟ್ 6ರಂದು ಕಪ್ಪು ಜನರ ಮತದಾನದ ಹಕ್ಕಿನ ಕಾಯಿದೆಗೆ ಸಹಿ ಬಿತ್ತು. ಒಂದು ಹೋರಾಟ ಫಲ ಕೊಡುತ್ತಿದ್ದಾಗ, ಇನ್ನೊಂದು ಬಾಗಿಲಲ್ಲಿ ನಿಂತಿದ್ದಾಗ, ಬಾಯಿಗೆ ಹಾಡು ಕೊಟ್ಟವನೇ ಕಪ್ಪು ಕನ್ನಡಕ ಏರಿಸಿ ಬೇರೆ ದಾರಿ ಹಿಡಿದ ಎನಿಸಿದರೆ ಅದನ್ನು ಬರೀ ಅಭಿರುಚಿಯ ಜಗಳ ಎನ್ನಲಾಗದು. ಬ್ಯಾಂಡಿನ ಸದ್ದಿನಲ್ಲಿ ಕೇಳುಗ ಹಾಡಲಾರ, ಬರೀ ಕೇಳಬೇಕು. ಸಾವಿರ ಜನ ಒಟ್ಟಿಗೆ ಹಾಡುವ ಹಾಡನ್ನು ವಿಯೆಟ್ನಾಮ್ ವಿರೋಧಿ ಮೆರವಣಿಗೆಗೆ ಒಯ್ಯಬಹುದಿತ್ತು. ಆರು ನಿಮಿಷ ಮೀರಿದ ‘ಲೈಕ್ ಎ ರೋಲಿಂಗ್ ಸ್ಟೋನ್’ ಹಾಡನ್ನು ಒಯ್ಯುವುದು ಹೇಗೆ?

ಹಾಗೆಂದು ಅಭಿಮಾನಿಗಳು ಕಾಯುತ್ತಿದ್ದ ‘ಶುದ್ಧ’ ಸಂಗೀತ ಅವರು ಭಾವಿಸಿದಷ್ಟು ಶುದ್ಧವೇನೂ ಆಗಿರಲಿಲ್ಲ. ಮಡ್ಡಿ ವಾಟರ್ಸ್ ಎಂಬ ಕಪ್ಪು ಗಾಯಕನ ಕಥೆಯನ್ನೇ ನೋಡಿ. 1941ರಲ್ಲಿ ಜಾನಪದ ಸಂಗ್ರಾಹಕ ಅಲನ್ ಲೊಮ್ಯಾಕ್ಸ್ ಮಿಸಿಸಿಪಿಯ ಹತ್ತಿ ತೋಟದಲ್ಲಿ ಆತನ ಹಾಡನ್ನು ಸಾದಾ ಗಿಟಾರಿನೊಂದಿಗೆ ಧ್ವನಿಮುದ್ರಿಸಿದ್ದರು. ಎರಡು ವರ್ಷಕ್ಕೆ ಆತ ಶಿಕಾಗೋಗೆ ವಲಸೆ ಹೋದ. ಅಲ್ಲಿನ ಹೆಂಡದಂಗಡಿಗಳ ಗದ್ದಲದಲ್ಲಿ ಕೇಳಿಸಬೇಕಾದರೆ ವಿದ್ಯುತ್ ಗಿಟಾರ್ ಬೇಕಿತ್ತು, ಹಿಡಿದ. 1958ರಲ್ಲಿ ಅದನ್ನೇ ಇಂಗ್ಲೆಂಡಿಗೆ ಒಯ್ದಾಗ ಹಳ್ಳಿಯ ಬ್ಲೂಸ್ ನಿರೀಕ್ಷಿಸಿ ಬಂದವರು ಕಿವಿ ಮುಚ್ಚಿಕೊಂಡರು. ಪಾಪ, ಮುಂದಿನ ಬಾರಿ ಸಾದಾ ಗಿಟಾರ್ ಹಿಡಿದು ಹೋದರೆ, ಅಷ್ಟರಲ್ಲಿ ಅಭಿರುಚಿ ಬದಲಾಗಿ, ವಿದ್ಯುತ್ ಗಿಟಾರ್ ಎಲ್ಲಿ ಎಂದು ಕೇಳಿದರು! ತೋಟದ ಕೂಲಿ ನಗರದ ಕಾರ್ಖಾನೆ ಸೇರಿದಾಗ ಅವನ ಸಂಗೀತವೂ ಬದಲಾದದ್ದು ಸಹಜ. ಆದರೆ ಅವನು ಸದಾ ತೋಟದಲ್ಲೇ ಇರಬೇಕೆಂಬುದು ಕಾಲೇಜು ಓದಿದ ಕೇಳುಗರ ಹಂಬಲವಾಗಿತ್ತು.

ಡಿಲನ್ನರ ವಿಷಯದಲ್ಲೂ ಹೀಗೆಯೇ. ಮಿನೆಸೋಟಾ ರಾಜ್ಯದ ಕಬ್ಬಿಣದ ಗಣಿಗಳ ಊರು ಹಿಬ್ಬಿಂಗ್‌ನಲ್ಲಿ ಹೈಸ್ಕೂಲು ಓದುವಾಗ ಅವರು ಕಟ್ಟಿದ್ದು ರಾಕ್ ಅಂಡ್ ರೋಲ್ ತಂಡವನ್ನೇ. ಶಾಲೆಯ 1959ರ ವಾರ್ಷಿಕ ಸಂಚಿಕೆಯಲ್ಲಿ ಅವರ ಹೆಸರಿನ ಮುಂದೆ ಅಚ್ಚಾದ ಜೀವನದ ಗುರಿ, ರಾಕ್ ಗಾಯಕ ಲಿಟಲ್ ರಿಚರ್ಡ್‌ನನ್ನು ಸೇರಿಕೊಳ್ಳುವುದು. 1962ರ ಡಿಸೆಂಬರಿನಲ್ಲಿ ಹೊರಬಂದ ಅವರ ಮೊದಲ ಸಿಂಗಲ್ ಗಾನಮುದ್ರಿಕೆಯಲ್ಲೂ ಬ್ಯಾಂಡ್ ಇತ್ತು. ಅದು ಬೇಗನೆ ಮಾರುಕಟ್ಟೆಯಿಂದ ಮರೆಯಾಯಿತು. ಒಂದು ಅರ್ಥದಲ್ಲಿ, ಅಭಿಮಾನಿಗಳು ಮೂಲವೆಂದು ನಂಬಿದ್ದೇ ನಡುವೆ ತೊಟ್ಟ ವೇಷ.

ಕನ್ನಡದ ‘ಅಭಿಮಾನಿ’ ಎಂಬ ಮಾತು ಈ ಸಂಕಟವನ್ನು ಚೆನ್ನಾಗಿ ಹಿಡಿಯುತ್ತದೆ. ಅಭಿಮಾನವೆಂದರೆ ಮೆಚ್ಚುಗೆಯೂ ಹೌದು, ತನ್ನತನದ ಹೆಮ್ಮೆಯೂ ಹೌದು. ಮೆಚ್ಚಿದವನಲ್ಲಿ ತನ್ನದೇ ಉತ್ತಮ ರೂಪವನ್ನು ಕಂಡವನು ಅಭಿಮಾನಿ. ಹೀಗಾಗಿ ಮೆಚ್ಚಿದವನು ದಾರಿ ಬದಲಿಸಿದಾಗ ಮುರಿಯುವುದು ಹಾಡಿನ ಮೇಲಿನ ಪ್ರೀತಿ ಮಾತ್ರವಲ್ಲ, ತನ್ನ ಬಗ್ಗೆ ತನಗಿದ್ದ ಮಾನ. ಮ್ಯಾಂಚೆಸ್ಟರಿನಲ್ಲಿ ಟಿಕೆಟ್ ಕೊಂಡವರಿಗೆ ದ್ವಿತೀಯಾರ್ಧದಲ್ಲಿ ಏನು ಕಾದಿದೆ ಎಂಬುದು ತಿಳಿಯದ ವಿಷಯವೇನಾಗಿರಲಿಲ್ಲ. ‘ಲೈಕ್ ಎ ರೋಲಿಂಗ್ ಸ್ಟೋನ್’ ಹಿಂದಿನ ವರ್ಷವೇ ಬ್ರಿಟನ್ನಿನ ಜನಪ್ರಿಯತೆಯ ಪಟ್ಟಿಯಲ್ಲಿ ನಾಲ್ಕನೆಯ ಸ್ಥಾನಕ್ಕೇರಿತ್ತು. ಆದರೂ ಬಂದರು, ಮೊದಲರ್ಧಕ್ಕೆ ಮನಸೋತರು, ಆಮೇಲೆ ಬೈದರು. ಬೇಡವಾದವನನ್ನು ಯಾರೂ ಹಣ ಕೊಟ್ಟು ಬೈಯಲು ಹೋಗುವುದಿಲ್ಲ.

ಬೈಗುಳ ವಾದ್ಯಗಾರರನ್ನೂ ಸುಟ್ಟಿತು. ಡೋಲು ಬಾರಿಸುತ್ತಿದ್ದ ಲೆವನ್ ಹೆಲ್ಮ್ ಊರೂರಿನ ಕೂಗಾಟ ತಾಳಲಾರದೆ 1965ರ ಕೊನೆಗೇ ತಂಡ ಬಿಟ್ಟರು. 1966ರ ಜುಲೈ 29ರಂದು ಮೋಟಾರ್ ಸೈಕಲ್ ಅಪಘಾತವಾದ ಮೇಲೆ ಡಿಲನ್ ಎಂಟು ವರ್ಷ ಪ್ರವಾಸವನ್ನೇ ಕೈಗೊಳ್ಳಲಿಲ್ಲ. 1974ರಲ್ಲಿ ಅದೇ ತಂಡದೊಂದಿಗೆ, ಮರಳಿ ಬಂದ ಹೆಲ್ಮ್‌ರೊಂದಿಗೆ, ಹೊರಟಾಗ ಅದೇ ಸಂಗೀತಕ್ಕೆ ಕ್ರೀಡಾಂಗಣಗಳು ತುಂಬಿ ತುಳುಕಿದವು.

ಅಲ್ಲಿಗೆ ಕಥೆ ಮುಗಿಯಲಿಲ್ಲ. ರಾಕ್ ಗಾಯಕರಾಗಿ ಡಿಲನ್ನರನ್ನು ಒಪ್ಪಿಕೊಂಡ ಹೊಸ ತಲೆಮಾರಿನ ಸರದಿ 1979ರಲ್ಲಿ ಬಂತು. ಕ್ರೈಸ್ತ ಧರ್ಮದತ್ತ ತಿರುಗಿದ ಡಿಲನ್, ನವೆಂಬರ್ 1ರಿಂದ ಸ್ಯಾನ್‌ಫ್ರಾನ್ಸಿಸ್ಕೋದ ವಾರ್‌ಫೀಲ್ಡ್ ಥಿಯೇಟರಿನಲ್ಲಿ ನೀಡಿದ 14 ಕಾರ್ಯಕ್ರಮಗಳಲ್ಲಿ ಹಳೆಯ ಹಾಡೊಂದನ್ನೂ ಹಾಡಲಿಲ್ಲ. ಎಲ್ಲವೂ ಭಕ್ತಿಯ ಹಾಡುಗಳು, ನಡುನಡುವೆ ಉಪದೇಶ. ಹದಿಮೂರು ವರ್ಷದ ಹಿಂದೆ ಜೂಡಸ್ ಎನಿಸಿಕೊಂಡವರು ಈಗ ಯೇಸುವನ್ನು ಹೊಗಳಿದ್ದಕ್ಕೆ ಬೈಸಿಕೊಂಡರು. ಕೆಲವರು ಎದ್ದು ಹೋದರು, ಪತ್ರಿಕೆಗಳು ಹಳಿದವು. ಈ ಬಾರಿ ಅಭಿಮಾನಿಗಳು ಕಾಯುತ್ತಿದ್ದದ್ದು 1966ರಲ್ಲಿ ಅವರ ಹಿರಿಯರು ಶಪಿಸಿದ್ದ ಅದೇ ಹಾಡುಗಳನ್ನು.

ಮ್ಯಾಂಚೆಸ್ಟರಿನ ಆ ರಾತ್ರಿಯ ಧ್ವನಿಮುದ್ರಣ ವರ್ಷಗಟ್ಟಲೆ ಕಳ್ಳ ಗಾನಮುದ್ರಿಕೆಯಾಗಿ, ಅದೂ ಲಂಡನ್ನಿನ ರಾಯಲ್ ಆಲ್ಬರ್ಟ್ ಹಾಲಿನದೆಂಬ ತಪ್ಪು ಹೆಸರಿನಲ್ಲಿ, ಕೈಯಿಂದ ಕೈಗೆ ಹರಿದಾಡಿತು. 1998ರಲ್ಲಿ ಕಂಪೆನಿಯೇ ಅದನ್ನು ಅಧಿಕೃತವಾಗಿ ಹೊರತಂದಾಗ ಕೂಗನ್ನು ಕತ್ತರಿಸಲಿಲ್ಲ. ಕೊನೆಯ ಹಾಡಿಗೆ ಮುನ್ನ ಅದು ಸ್ಪಷ್ಟವಾಗಿ ಕೇಳಿಸುತ್ತದೆ. 2002ರ ಆಗಸ್ಟಿನಲ್ಲಿ, 37 ವರ್ಷಗಳ ನಂತರ, ಡಿಲನ್ ಮತ್ತೆ ನ್ಯೂಪೋರ್ಟ್ ಉತ್ಸವಕ್ಕೆ ಬಂದರು, ಕೃತಕ ಕೂದಲು ಹಾಗೂ ಅಂಟಿಸಿದ ಗಡ್ಡ ತೊಟ್ಟು. ಇನ್ನೂ ಹತ್ತು ವರ್ಷ ಕಳೆದು 2012ರಲ್ಲಿ, ಎಪ್ಪತ್ತೊಂದರ ವಯಸ್ಸಿನಲ್ಲಿ, ಸಂದರ್ಶನವೊಂದರಲ್ಲಿ ಆ ಹಳೆಯ ಮಾತನ್ನು ಅವರಾಗಿಯೇ ಎತ್ತಿದರು. ಮನುಷ್ಯ ಚರಿತ್ರೆಯಲ್ಲೇ ಅತ್ಯಂತ ದ್ವೇಷಕ್ಕೀಡಾದ ಹೆಸರಿನಿಂದ ತನ್ನನ್ನು ಕರೆದರು, ಯಾವ ತಪ್ಪಿಗೆ, ವಿದ್ಯುತ್ ಗಿಟಾರ್ ನುಡಿಸಿದ್ದಕ್ಕೆ ಎಂದು ಕೇಳಿದರು. ಆ ಹೊತ್ತಿಗೆ ಮ್ಯಾಂಚೆಸ್ಟರಿನ ಸಭಾಂಗಣ ಹೋಟೆಲಾಗಿ ಬದಲಾಗಿತ್ತು.