ದರ್ಶನಗಳ ಸೋಪಾನ, ಶರಣರ ಗೋಷ್ಠಿ

ಕೊಪ್ಪ, ಶೃಂಗೇರಿ, ನರಸಿಂಹರಾಜಪುರ ಇವು ಮಲೆನಾಡಿನಲ್ಲಿ ಒಂದಕ್ಕೊಂದು ಹೊಂದಿಕೊಂಡಿರುವ ತಾಲ್ಲೂಕುಗಳು. ತುಂಗೆಯ ದಡದ ಶೃಂಗೇರಿಯಲ್ಲಿ ಅದ್ವೈತಪೀಠವಿದೆ. ಭದ್ರೆಯ ದಡದ ಬಾಳೆಹೊನ್ನೂರಿನಲ್ಲಿ ವೀರಶೈವ ಪಂಚಪೀಠಗಳಲ್ಲೊಂದಾದ ರಂಭಾಪುರಿ ಪೀಠವಿದೆ. ನರಸಿಂಹರಾಜಪುರದ ಸಿಂಹನಗದ್ದೆಯಲ್ಲಿ ಜ್ವಾಲಾಮಾಲಿನಿಯ ಬಸದಿಯಿದೆ. ಶೃಂಗೇರಿಯ ಪೇಟೆಯಲ್ಲಿಯೂ ಪಾರ್ಶ್ವನಾಥ ಬಸದಿಯುಂಟು. ಇಷ್ಟು ಮತಗಳು ನೆರೆಹೊರೆಯಾಗಿ ಬಾಳಿದ ಸೀಮೆಯಲ್ಲಿ, ಒಂದು ದರ್ಶನವು ಇನ್ನೊಂದನ್ನು ಯಾವ ದೃಷ್ಟಿಯಿಂದ ಕಂಡಿತೆಂಬುದು ವಿಚಾರಾರ್ಹವಾದ ಪ್ರಶ್ನೆ.

ಈ ಪ್ರಶ್ನೆಗೆ ಒಂದು ಉತ್ತರವನ್ನು 'ಸರ್ವದರ್ಶನಸಂಗ್ರಹ' ಎಂಬ 14ನೆಯ ಶತಮಾನದ ಸಂಸ್ಕೃತ ಗ್ರಂಥವು ಕೊಡುತ್ತದೆ. ಶೃಂಗೇರಿ ಪೀಠವನ್ನು ಅಲಂಕರಿಸಿದ ವಿದ್ಯಾರಣ್ಯರೇ ಅದರ ಕರ್ತೃವಾದ ಮಾಧವಾಚಾರ್ಯರೆಂದು ಪರಂಪರೆಯ ನಂಬಿಕೆ. ವಿದ್ವಾಂಸರಲ್ಲಿ ಈ ಕುರಿತು ಭಿನ್ನಾಭಿಪ್ರಾಯವಿದೆ. ಗ್ರಂಥದಲ್ಲಿ 16 ದರ್ಶನಗಳು ನಿರೂಪಿತವಾಗಿವೆ. ಮೊದಲನೆಯದು ವೇದವನ್ನೂ ಪರಲೋಕವನ್ನೂ ಒಪ್ಪದ ಚಾರ್ವಾಕ, ಕೊನೆಯದು ಶಾಂಕರ. ನಡುವೆ ಬೌದ್ಧ, ಆರ್ಹತ, ರಾಮಾನುಜ, ಪೂರ್ಣಪ್ರಜ್ಞ ಮುಂತಾದವು ಬರುತ್ತವೆ. ತಾನು ಒಪ್ಪದ ಚಾರ್ವಾಕನಿಗೂ ಮೊದಲು ಬಾಯಿಬಿಟ್ಟು ಮಾತಾಡಲು ಅವಕಾಶವಿತ್ತದ್ದು ಗ್ರಂಥಕರ್ತನ ಹಿರಿಮೆ. 1882ರಲ್ಲಿ ಕೊವೆಲ್ ಮತ್ತು ಗೌ ಎಂಬ ವಿದ್ವಾಂಸರು ಇದನ್ನು ಆಂಗ್ಲಭಾಷೆಗೆ ತಂದರು.

ಆದರೆ ಈ ಕ್ರಮವು ಒಂದು ಸೋಪಾನ. ಕೆಳಗಿನ ಮೆಟ್ಟಿಲಲ್ಲಿ ಪರಮತ, ತುದಿಯಲ್ಲಿ ಸ್ವಮತ. ಪಶ್ಚಿಮದಲ್ಲಿಯೂ ಇಂಥ ಕ್ರಮವುಂಟು. 1831ರಲ್ಲಿ ಗತಿಸಿದ ಜರ್ಮನಿಯ ಹೆಗೆಲನು ತತ್ತ್ವಶಾಸ್ತ್ರದ ಚರಿತ್ರೆಯನ್ನು ಹೇಳುವಾಗ, ಹಿಂದಿನ ತತ್ತ್ವಗಳೆಲ್ಲ ತನ್ನ ಕಾಲದ ತತ್ತ್ವದಲ್ಲಿ ಪೂರ್ಣತೆಯನ್ನು ಪಡೆಯುತ್ತವೆಂಬಂತೆ ಜೋಡಿಸಿದನು. ಮೆಟ್ಟಿಲುಗಳನ್ನು ಕಟ್ಟಿದವನು ತುದಿಯಲ್ಲಿ ತಾನೇ ನಿಲ್ಲುವುದು ಪೂರ್ವಪಶ್ಚಿಮಗಳೆರಡಕ್ಕೂ ಸಾಮಾನ್ಯ.

'ಸರ್ವದರ್ಶನಸಂಗ್ರಹ'ದಲ್ಲಿ ನಕುಲೀಶ ಪಾಶುಪತ, ಶೈವ, ಪ್ರತ್ಯಭಿಜ್ಞಾ, ರಸೇಶ್ವರ ಎಂಬ ನಾಲ್ಕು ಶೈವದರ್ಶನಗಳಿದ್ದರೂ ವೀರಶೈವಕ್ಕೆ ಪ್ರತ್ಯೇಕ ಅಧ್ಯಾಯವಿಲ್ಲ. ಆ ವೇಳೆಗೆ ಬಸವಾದಿ ಶರಣರ ವಚನಗಳು ಹುಟ್ಟಿ ಒಂದೂವರೆ ಶತಮಾನಕ್ಕೂ ಮಿಕ್ಕಿ ಕಾಲ ಸಂದಿತ್ತು. ಮುಂದಿನ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು 'ಶೂನ್ಯಸಂಪಾದನೆ'ಯನ್ನು ಸಂಕಲಿಸಿದನು. ಅಲ್ಲಿ ದರ್ಶನವು ಅಧ್ಯಾಯಗಳ ಸಾಲಾಗದೆ ಶರಣರ ಸಂವಾದವಾಯಿತು. ಪ್ರಭುದೇವರು ಸಿದ್ಧರಾಮನನ್ನು ಪ್ರಶ್ನಿಸುತ್ತಾರೆ, ಅಕ್ಕಮಹಾದೇವಿಯನ್ನು ಪರೀಕ್ಷಿಸುತ್ತಾರೆ. ಅಗತ್ಯಕ್ಕಿಂತ ಹೆಚ್ಚು ಅಕ್ಕಿ ತಂದ ಮಾರಯ್ಯನನ್ನು ಆತನ ಸತಿ ಲಕ್ಕಮ್ಮನೇ ತಿದ್ದುತ್ತಾಳೆ. ತತ್ತ್ವವನ್ನು ಮಾತುಕತೆಯಲ್ಲಿ ಅರಸುವ ಈ ರೀತಿಯು ಸಾಕ್ರೆಟೀಸನನ್ನು ನಾಯಕನನ್ನಾಗಿಸಿದ ಪ್ಲೇಟೋವಿನ ಸಂವಾದಗಳನ್ನು ನೆನಪಿಗೆ ತರುತ್ತದೆ.

ಸತ್ಯವನ್ನು ಹೇಳುವುದಾದರೆ, 'ಶೂನ್ಯಸಂಪಾದನೆ'ಯಲ್ಲಿಯೂ ಸಂಕಲನಕಾರನ ಪಕ್ಷವು ಮರೆಯಾಗಿಲ್ಲ, ಶೂನ್ಯಸಿಂಹಾಸನವು ಅಲ್ಲಮಪ್ರಭುವಿನದೇ. ಆದರೂ ಅಲ್ಲಿ ಗೆದ್ದವನಿಗೆ ಜಯಪತ್ರವಿಲ್ಲ. ಸಿದ್ಧರಾಮನಾಗಲಿ ಮಾರಯ್ಯನಾಗಲಿ ಸೋತು ಹೊರಬೀಳುವುದಿಲ್ಲ. ಅರಿವನ್ನು ಪಡೆದು ಗೋಷ್ಠಿಯೊಳಗೇ ಉಳಿಯುತ್ತಾರೆ.

ಕೊಪ್ಪ ತಾಲ್ಲೂಕಿನ ಹಿರೇಕೊಡಿಗೆಯಲ್ಲಿ 1904ರಲ್ಲಿ ಜನಿಸಿದ ಕುವೆಂಪು ಅವರು 1949ರಲ್ಲಿ ಪ್ರಕಟವಾದ 'ಶ್ರೀ ರಾಮಾಯಣ ದರ್ಶನಂ' ಮಹಾಕಾವ್ಯದಲ್ಲಿ ಹೋಮರ್, ವರ್ಜಿಲ್, ಡಾಂಟೆ, ಮಿಲ್ಟನ್ ಮೊದಲಾದವರನ್ನೂ ನಮ್ಮ ನಾಡಿನ ಮಹಾಕವಿಗಳನ್ನೂ ಜೊತೆಯಲ್ಲಿಯೇ ವಂದಿಸಿದರು. ಆ ವಂದನೆಯಲ್ಲಿ ಮೆಟ್ಟಿಲುಗಳಿಲ್ಲ. ಪರಮತವನ್ನು ಮೊದಲು ಸರಿಯಾಗಿ ಹೇಳುವ ನಿಷ್ಠೆಯನ್ನು 'ಸರ್ವದರ್ಶನಸಂಗ್ರಹ'ದಿಂದಲೂ, ಪ್ರಶ್ನಿಸಿದವನನ್ನು ಬಳಿಯಲ್ಲೇ ಉಳಿಸಿಕೊಳ್ಳುವ ಔದಾರ್ಯವನ್ನು ಶರಣರ ಗೋಷ್ಠಿಯಿಂದಲೂ ಕಲಿತವನಿಗೆ ನೆರೆಯವನ ದರ್ಶನವು ಭಯಕ್ಕೆ ಕಾರಣವಾಗದು. ತನ್ನ ದರ್ಶನವೂ ಅದರಿಂದ ಕುಂದದು.