ಕೊಡುವವರ ಷರತ್ತು, ಪಡೆಯುವವರ ಹಕ್ಕು



ಬಿನ್ನಿಪೇಟೆಗೆ ಆ ಹೆಸರು ಬಂದದ್ದು ಬಿನ್ನಿ ಗಿರಣಿಯಿಂದ. ಗಿರಣಿಯ ಬಟ್ಟೆ ಕೊಂಡವರು ಅಂಗಿ ಹೊಲಿಸಲಿ, ಚೀಲ ಹೊಲಿಸಲಿ, ನೇಯ್ದವರು ಕೇಳುತ್ತಿರಲಿಲ್ಲ. ಕಂಪ್ಯೂಟರಿನ ತಂತ್ರಾಂಶ ಹಾಗಲ್ಲ. ಅದರೊಡನೆ ಬರೆದವರ ಷರತ್ತೂ ಬರುತ್ತದೆ. ಸೋರ್ಸ್ ಕೋಡನ್ನು ಎಲ್ಲರಿಗೂ ತೆರೆದಿಡುವವರಲ್ಲೂ ಈ ಷರತ್ತಿನ ವಿಷಯದಲ್ಲಿ ಎರಡು ದಾರಿಗಳಿವೆ.

ಅಮೆರಿಕದ ಬರ್ಕ್‌ಲಿ ವಿಶ್ವವಿದ್ಯಾಲಯದಿಂದ ಬಂದ ಬಿಎಸ್‌ಡಿ ಪರವಾನಗಿ ಸಡಿಲವಾದದ್ದು. ಬರೆದವರ ಹೆಸರು ಉಳಿಸಿದರೆ ಸಾಕು. ತಿದ್ದಿ, ಕೋಡನ್ನು ಮುಚ್ಚಿಟ್ಟು ಮಾರಿದರೂ ಅಡ್ಡಿಯಿಲ್ಲ. ರಿಚರ್ಡ್ ಸ್ಟಾಲ್‌ಮನ್ 1989ರಲ್ಲಿ ಹೊರತಂದ ಜಿಪಿಎಲ್ ಬಿಗಿಯಾದದ್ದು. ತಿದ್ದಿ ಹಂಚುವವರು ತಮ್ಮ ಕೋಡನ್ನೂ ಅದೇ ಷರತ್ತಿನಲ್ಲಿ ಕೊಡಬೇಕು. ಮೊದಲನೆಯದು ಪಡೆದವರ ಸ್ವಾತಂತ್ರ್ಯವನ್ನು ನೋಡಿದರೆ, ಎರಡನೆಯದು ಅವರಿಂದ ಮುಂದೆ ಪಡೆಯುವವರ ಸ್ವಾತಂತ್ರ್ಯವನ್ನು ಕಾಯುತ್ತದೆ.

ಈ ವಾದ ನಮ್ಮ ಊರಿಗೂ ಬಂದಿತ್ತು. 2006ರ ಆಗಸ್ಟ್ 23 ಮತ್ತು 24ರಂದು ಬನ್ನೇರುಘಟ್ಟ ರಸ್ತೆಯ ಐಐಎಂನಲ್ಲಿ ಜಿಪಿಎಲ್‌ನ ಮೂರನೆಯ ಆವೃತ್ತಿಯ ಕರಡನ್ನು ಕುರಿತ ಅಂತರರಾಷ್ಟ್ರೀಯ ಸಮ್ಮೇಳನ ನಡೆಯಿತು. ಸ್ಟಾಲ್‌ಮನ್ ಅಲ್ಲಿ ಮಾತನಾಡಿದರು. ಆಗಿನ ದೊಡ್ಡ ತಕರಾರು ಒಂದು ಟಿ.ವಿ. ಯಂತ್ರದ್ದೇ. ಕಾರ್ಯಕ್ರಮಗಳನ್ನು ಮುದ್ರಿಸಿಕೊಳ್ಳುವ ಟಿವೊ ಎಂಬ ಪೆಟ್ಟಿಗೆಯೊಳಗೆ ಲಿನಕ್ಸ್ ಇತ್ತು. ಅದರ ಕೋಡನ್ನು ಕಂಪನಿ ಕೊಡುತ್ತಿತ್ತು. ಆದರೆ ನೀವು ತಿದ್ದಿದರೆ ಆ ಪೆಟ್ಟಿಗೆ ಅದನ್ನು ನಡೆಸುತ್ತಿರಲಿಲ್ಲ. 2007ರ ಜೂನ್ 29ರಂದು ಬಂದ ಮೂರನೆಯ ಆವೃತ್ತಿ, ಮನೆಬಳಕೆಯ ಯಂತ್ರಗಳಲ್ಲಿ ಹೀಗೆ ಬೀಗ ಹಾಕುವುದನ್ನು ತಡೆಯಿತು. ಇದು ಅತಿಯಾಯಿತೆಂದು ಲಿನಕ್ಸ್ ಜನಕ ಲೈನಸ್ ಟೊರ್ವಾಲ್ಡ್ಸ್ ಒಪ್ಪಲಿಲ್ಲ. ಲಿನಕ್ಸ್ ತಿರುಳು ಇಂದಿಗೂ ಎರಡನೆಯ ಆವೃತ್ತಿಯಲ್ಲೇ ಇದೆ.

ಕನ್ನಡದ ಅಕ್ಷರಗಳೂ ಈ ಪ್ರಶ್ನೆಯನ್ನು ಎದುರಿಸಿವೆ. ರೆಡ್ ಹ್ಯಾಟ್ ಸಂಸ್ಥೆ ಕೊಟ್ಟ ಲೋಹಿತ್ ಫಾಂಟುಗಳಲ್ಲಿ ಕನ್ನಡವೂ ಒಂದು. ಮೊದಲು ಅದು ಜಿಪಿಎಲ್ ಅಡಿಯಲ್ಲಿತ್ತು. ಆದರೆ ಫಾಂಟು ಬರಹದ ಕಡತದೊಳಗೇ ಸೇರಿಹೋಗಬಲ್ಲದು. ಹಾಗಾದರೆ ನೀವು ಬರೆದ ಕತೆಗೂ ಫಾಂಟಿನ ಷರತ್ತು ಅಂಟುತ್ತದೆಯೆ? ಈ ಸಂಶಯ ಬಾರದಂತೆ ಫಾಂಟುಗಳಿಗೆಂದೇ ಬರೆದ ಪರವಾನಗಿ ಓಪನ್ ಫಾಂಟ್ ಲೈಸೆನ್ಸ್. 2011ರಲ್ಲಿ ಲೋಹಿತ್ ಅದಕ್ಕೆ ಬದಲಾಯಿತು. ಅದರಂತೆ ಬರಹ ನಿಮ್ಮದೇ. ತಿದ್ದಿದ ಫಾಂಟನ್ನು ಹಂಚುವುದಾದರೆ ಅದೇ ಪರವಾನಗಿಯಲ್ಲಿ ಹಂಚಬೇಕು. ಫಾಂಟನ್ನಷ್ಟೇ ಪ್ರತ್ಯೇಕವಾಗಿ ಮಾರುವಂತಿಲ್ಲ. ಇದು ಎರಡು ದಾರಿಗಳ ನಡುವಿನ ಹಾದಿ.

ನಿಮ್ಮ ಮನೆಯ ಮಕ್ಕಳು ನಾಳೆ ಒಂದು ತಂತ್ರಾಂಶ ಬರೆದು ಹಂಚಲು ಹೊರಟರೆ ಮೊದಲೇ ಕೇಳಿ: ಯಾರೂ ಬಳಸದೆ ಹೋದಾರೆಂಬ ಅಳುಕೋ, ಯಾರಾದರೂ ಬೀಗ ಹಾಕಿಯಾರೆಂಬ ಅಳುಕೋ? ಉತ್ತರಕ್ಕೆ ತಕ್ಕ ಪರವಾನಗಿ ಆರಿಸಲಿ. ಏನನ್ನೂ ಬರೆಯದೆ ಬಿಟ್ಟರೆ ಅದು ಎಲ್ಲರ ಸ್ವತ್ತಾಗುವುದಿಲ್ಲ. ಹಕ್ಕುಸ್ವಾಮ್ಯದ ಕಾನೂನಿನಂತೆ, ತಿದ್ದಿ ಹಂಚುವ ಹಕ್ಕು ಬೇರೆ ಯಾರಿಗೂ ಸಿಗುವುದಿಲ್ಲ.